‘ಕ್ಲಚ್ ಹೋಗ್ಯಾದ’ ಅಂದ್ರೆ ಹೋಗಿದ್ದು ಯಾವುದು? ಗೇರ್ ಬಾಕ್ಸ್ ಇಳಿಸುವ ಮುನ್ನ ಗಾಡಿ ಮಾಲೀಕರು ತಿಳಿದಿರಬೇಕಾದ ಕ್ಲಚ್, ಫ್ಲೈವೀಲ್ ಮಾಹಿತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಗಾಡಿ ಅಂದರೆ ಬರೀ ಓಡಾಟಕ್ಕೆ ಇಟ್ಟುಕೊಂಡದ್ದಲ್ಲ. ಇಂಡಿಯ ಲಿಂಬೆ ಚೀಲ, ಸಿಂದಗಿಯ ತೊಗರಿ, ಸಂತೆಗೆ ಹೋಗುವ ಕಿರಾಣಿ ಸಾಮಾನು, ವಿಜಯಪುರದ ಆಸ್ಪತ್ರೆಗೆ ಹೋಗಬೇಕಾದ ಮನೆ ಮಂದಿ ಎಲ್ಲವೂ ಅದರ ಮೇಲೆಯೇ ಸಾಗಬೇಕು. ಗಾಡಿ ಗ್ಯಾರೇಜಿನಲ್ಲಿ ನಿಂತರೆ ಆ ದಿನದ ದುಡಿಮೆಯೂ ನಿಂತಂತೆ.

ಹೀಗೆ ದಿನಗಟ್ಟಲೆ ಗಾಡಿ ನಿಲ್ಲಿಸುವ ಕೆಲಸಗಳಲ್ಲಿ ಕ್ಲಚ್ ಕೆಲಸವೂ ಒಂದು. ಪ್ಲೇಟ್ ನೋಡಬೇಕೆಂದರೆ ಗೇರ್ ಬಾಕ್ಸ್ ಇಳಿಸಲೇಬೇಕು. ಇಳಿಸಿ ಏರಿಸುವ ಮಜೂರಿ ಸಣ್ಣದೇನಲ್ಲ. ಇಷ್ಟಾದರೂ ಬಹಳ ಮಂದಿ ಗ್ಯಾರೇಜಿಗೆ ಹೋಗಿ “ಮಿಸ್ತ್ರಿ, ಕ್ಲಚ್ ಹೋಗ್ಯಾದ, ಹಾಕಿಬಿಡ್ರಿ” ಎಂದಷ್ಟೇ ಹೇಳಿ ಕೀಲಿ ಕೊಟ್ಟು ಬರುತ್ತಾರೆ. ಆ ಒಂದು ಮಾತಿನೊಳಗೆ ಕೇಬಲ್, ಸಿಲಿಂಡರ್, ಬೇರಿಂಗ್, ಪ್ಲೇಟ್, ಪ್ರೆಷರ್ ಪ್ಲೇಟ್, ಫ್ಲೈವೀಲ್ ಹೀಗೆ ಆರು ಬೇರೆ ಬೇರೆ ಕೆಲಸಗಳಿವೆ. ಕೇಬಲ್ ಬದಲಿಸುವ ಖರ್ಚಿಗೂ ಡ್ಯುಯಲ್ ಮಾಸ್ ಫ್ಲೈವೀಲ್ ಬದಲಿಸುವ ಖರ್ಚಿಗೂ ಅಜಗಜಾಂತರ. ಹೋಗಿದ್ದು ಯಾವುದು, ತಮ್ಮ ಗಾಡಿಯಲ್ಲಿ ಇರುವುದು ಯಾವ ನಮೂನೆಯದು ಎಂದು ಮಾಲೀಕರಿಗೆ ಮೊದಲೇ ಗೊತ್ತಿದ್ದರೆ ಎರಡು ಸಲ ಮಜೂರಿ ಕೊಡುವುದು ತಪ್ಪುತ್ತದೆ.

ಕ್ಲಚ್ ಮಾಡುವ ಕೆಲಸ

ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ. ಗಾಲಿ ಮಾತ್ರ ಬೇಕಾದಾಗ ತಿರುಗಬೇಕು, ಬೇಡವಾದಾಗ ನಿಲ್ಲಬೇಕು. ಇವೆರಡರ ನಡುವೆ ಕೈ ಹಿಡಿಯುವ, ಕೈ ಬಿಡುವ ಭಾಗವೇ ಕ್ಲಚ್.

ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತುದಿಗೆ ಫ್ಲೈವೀಲ್ ಎಂಬ ಭಾರದ ಚಕ್ರವನ್ನು ಬೋಲ್ಟ್ ಮಾಡಿರುತ್ತಾರೆ. ಫ್ಲೈವೀಲ್ ಮುಖಕ್ಕೆ ಕ್ಲಚ್ ಪ್ಲೇಟ್ ತಾಗಿಕೊಂಡಿರುತ್ತದೆ. ಈ ಪ್ಲೇಟಿನ ನಡುವೆ ಹಲ್ಲುಗಳಿರುವ ರಂಧ್ರವಿದ್ದು, ಅದು ಗೇರ್ ಬಾಕ್ಸಿನ ಶಾಫ್ಟ್ ಮೇಲೆ ಕೂರುತ್ತದೆ. ಪ್ಲೇಟಿನ ಹಿಂದೆ ಪ್ರೆಷರ್ ಪ್ಲೇಟ್ ಇದ್ದು, ತನ್ನ ಸ್ಪ್ರಿಂಗ್ ಬಲದಿಂದ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುತ್ತದೆ.

ಪೆಡಲ್ ತುಳಿಯದೇ ಇದ್ದಾಗ ಕ್ಲಚ್ ಹಿಡಿದುಕೊಂಡೇ ಇರುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಸ್ಪ್ರಿಂಗನ್ನು ಒತ್ತುತ್ತದೆ, ಹಿಡಿತ ಸಡಿಲವಾಗುತ್ತದೆ, ಗೇರ್ ಬೀಳುತ್ತದೆ. ಪೆಡಲ್ ನಿಧಾನ ಬಿಡುವಾಗ ಪ್ಲೇಟ್ ಸ್ವಲ್ಪ ಹೊತ್ತು ಜಾರುತ್ತಾ ಜಾರುತ್ತಾ ಹಿಡಿಯುತ್ತದೆ. ಪ್ಲೇಟ್ ಸವೆಯುವುದು ಮುಖ್ಯವಾಗಿ ಈ ಜಾರುವ ಹೊತ್ತಿನಲ್ಲಿ. ಪೂರ್ತಿ ಹಿಡಿದುಕೊಂಡು ಎಷ್ಟು ದೂರ ಓಡಿದರೂ ಅದಕ್ಕೆ ಹೆಚ್ಚಿನ ಸವೆತವಿಲ್ಲ. ಹೆದ್ದಾರಿಯಲ್ಲಿ ಓಡುವ ಕಾರಿನ ಕ್ಲಚ್ ಬಹಳ ವರ್ಷ ಬಾಳಿ, ಪೇಟೆಯಲ್ಲೇ ಸುತ್ತುವ ಅದೇ ಮಾದರಿಯ ಕಾರಿನ ಕ್ಲಚ್ ಬೇಗ ಹೋಗುವುದು ಇದೇ ಕಾರಣಕ್ಕೆ.

ಪ್ರೆಷರ್ ಪ್ಲೇಟ್: ಕಾಯಿಲ್ ಸ್ಪ್ರಿಂಗ್, ಡಯಾಫ್ರಾಮ್

ಹಳೇ ಲಾರಿ, ಟ್ರ್ಯಾಕ್ಟರ್‌ಗಳ ಪ್ರೆಷರ್ ಪ್ಲೇಟಿನಲ್ಲಿ ಸುತ್ತಲೂ ಸಾಲಾಗಿ ಕಾಯಿಲ್ ಸ್ಪ್ರಿಂಗ್‌ಗಳಿರುತ್ತವೆ. ಅವನ್ನು ಒತ್ತಲು ಮೂರು ಅಥವಾ ನಾಲ್ಕು ಲಿವರ್‌ಗಳು. ಈ ನಮೂನೆ ಗಟ್ಟಿಮುಟ್ಟಾದದ್ದು, ಬಿಚ್ಚಿ ರಿಪೇರಿ ಮಾಡಬಹುದಾದದ್ದು. ಆದರೆ ಪೆಡಲ್ ಬಲು ಬಿಗಿ. ಪ್ಲೇಟ್ ತೆಳುವಾದಂತೆಲ್ಲ ಸ್ಪ್ರಿಂಗ್ ಉದ್ದವಾಗಿ ಒತ್ತುವ ಬಲ ಇಳಿಯುತ್ತದೆ. ಲಿವರ್‌ಗಳು ಸಮಮಟ್ಟದಲ್ಲಿ ಇಲ್ಲದಿದ್ದರೆ ಗಾಡಿ ಎಳೆಯುವಾಗ ನಡುಗುತ್ತದೆ.

ಇಂದಿನ ಕಾರು, ಜೀಪು, ಪಿಕಪ್‌ಗಳಲ್ಲಿ ಇರುವುದು ಡಯಾಫ್ರಾಮ್ ನಮೂನೆ. ತಟ್ಟೆಯಂತೆ ಸ್ವಲ್ಪ ಬಾಗಿದ ಒಂದೇ ಉಕ್ಕಿನ ಸ್ಪ್ರಿಂಗ್, ನಡುವಿನ ಕಡೆಗೆ ಬೆರಳಿನ ಹಾಗೆ ಸೀಳುಗಳು. ಪೆಡಲ್ ಹಗುರ. ಪ್ಲೇಟ್ ಸವೆದರೂ ಒತ್ತುವ ಬಲ ಬಹುಮಟ್ಟಿಗೆ ಒಂದೇ ತೆರನಾಗಿ ಉಳಿಯುತ್ತದೆ. 1965ರಲ್ಲಿ ಜರ್ಮನಿಯ ಬ್ಯೂಲ್ ಊರಿನಲ್ಲಿ ಶುರುವಾದ ಲುಕ್ ಕಂಪನಿ ಈ ನಮೂನೆಯನ್ನು ಯುರೋಪಿನ ಕಾರುಗಳಲ್ಲಿ ಬಳಕೆಗೆ ತಂದ ಕಂಪನಿಗಳಲ್ಲಿ ಮುಖ್ಯವಾದದ್ದು. ಅದೇ ಕಂಪನಿಯ ಭಾರತದ ಕಾರ್ಖಾನೆ ಕರ್ನಾಟಕದ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿದೆ. ಲುಕ್ ಇಂಡಿಯಾ 2018ರಲ್ಲಿ ಶಾಫ್ಲರ್ ಇಂಡಿಯಾ ಕಂಪನಿಯಲ್ಲಿ ವಿಲೀನವಾಯಿತು.

ಕೆಲವು ಹೊಸ ಗಾಡಿಗಳಲ್ಲಿ ಸೆಲ್ಫ್ ಅಡ್ಜಸ್ಟಿಂಗ್ ಪ್ರೆಷರ್ ಪ್ಲೇಟ್ ಬರುತ್ತದೆ. ಪ್ಲೇಟ್ ಸವೆದಷ್ಟೂ ಒಳಗಿನ ಒಂದು ರಿಂಗ್ ತಾನಾಗಿ ತಿರುಗಿ ಅಂತರ ಸರಿ ಮಾಡಿಕೊಳ್ಳುತ್ತದೆ. ಇದನ್ನು ಕೂರಿಸಲು ಬೇರೆ ಟೂಲ್ ಬೇಕು. ಸಾಮಾನ್ಯ ಪ್ರೆಷರ್ ಪ್ಲೇಟಿನಂತೆ ಬೋಲ್ಟ್ ಬಿಗಿದು ಎಳೆದರೆ ಆ ರಿಂಗ್ ತಪ್ಪು ಜಾಗದಲ್ಲಿ ನಿಲ್ಲಬಹುದು. ಹಾಗಾದರೆ ಹೊಸ ಕ್ಲಚ್ ಹಾಕಿದ ದಿನವೇ ಗೇರ್ ಬೀಳುವುದಿಲ್ಲ.

ಕ್ಲಚ್ ಪ್ಲೇಟ್: ಎಲ್ಲಾ ಪ್ಲೇಟೂ ಒಂದಲ್ಲ

ಪ್ಲೇಟಿನ ಎರಡೂ ಬದಿಗೆ ಹಚ್ಚಿರುವ ಪದರಿಗೆ ಲೈನಿಂಗ್ ಎನ್ನುತ್ತಾರೆ. ಕಾರುಗಳಲ್ಲಿ ಸಾಮಾನ್ಯವಾಗಿ ಆರ್ಗಾನಿಕ್ ಲೈನಿಂಗ್ ಇರುತ್ತದೆ. ನಾರು, ರಾಳ ಮುಂತಾದವು ಸೇರಿಸಿ ಮಾಡಿದ ಇದು ಮೆತ್ತಗೆ ಹಿಡಿಯುತ್ತದೆ, ಜರ್ಕ್ ಕೊಡುವುದಿಲ್ಲ. ಅತಿಯಾಗಿ ಬಿಸಿಯಾದರೆ ಮಾತ್ರ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಟ್ರ್ಯಾಕ್ಟರ್ ಮತ್ತು ಭಾರದ ಗಾಡಿಗಳಲ್ಲಿ ಸೆರಾಮಿಕ್ ಬಟನ್ ಪ್ಲೇಟ್ ಸಿಗುತ್ತದೆ. ಇದು ಬಿಸಿ ತಡೆಯುತ್ತದೆ, ಭಾರ ಎಳೆಯುತ್ತದೆ. ಆದರೆ ಗಪ್ಪನೆ ಹಿಡಿಯುತ್ತದೆ, ಫ್ಲೈವೀಲ್ ಮುಖವನ್ನೂ ಬೇಗ ತಿನ್ನುತ್ತದೆ. “ಗಟ್ಟಿ ಪ್ಲೇಟ್ ಹಾಕ್ರಿ” ಎಂದು ಕಾರಿಗೋ ಸಣ್ಣ ಪಿಕಪ್ಪಿಗೋ ಇದನ್ನು ಹಾಕಿಸಿದರೆ ಪ್ಲೇಟ್ ಉಳಿಯಬಹುದು, ಗೇರ್ ಬಾಕ್ಸ್ ಮತ್ತು ಆಕ್ಸೆಲ್ ಮೇಲೆ ಹೊಡೆತ ಬೀಳುತ್ತದೆ.

ಪ್ಲೇಟಿನ ನಡುವೆ ಕಾಣುವ ಸಣ್ಣ ಸ್ಪ್ರಿಂಗ್‌ಗಳು ಎಂಜಿನ್ನಿನ ಜರ್ಕ್ ಗೇರ್ ಬಾಕ್ಸಿಗೆ ಹೋಗದಂತೆ ತಡೆಯುತ್ತವೆ. ಈ ಸ್ಪ್ರಿಂಗ್ ಸಡಿಲಾದರೆ ಗಡಗಡ ಸದ್ದು ಬರುತ್ತದೆ. ಡ್ಯುಯಲ್ ಮಾಸ್ ಫ್ಲೈವೀಲ್ ಇರುವ ಗಾಡಿಗಳ ಪ್ಲೇಟಿನಲ್ಲಿ ಸಾಮಾನ್ಯವಾಗಿ ಈ ಸ್ಪ್ರಿಂಗ್ ಇರುವುದಿಲ್ಲ, ಆ ಕೆಲಸ ಫ್ಲೈವೀಲೇ ಮಾಡುತ್ತದೆ.

ಅಳತೆಯೂ ಬೇರೆ ಬೇರೆ. ಸಣ್ಣ ಪೆಟ್ರೋಲ್ ಕಾರಿನ ಪ್ಲೇಟ್ ಸುಮಾರು 160ರಿಂದ 200 ಮಿ.ಮೀ. ವ್ಯಾಸದ್ದು. ದೊಡ್ಡ ಡೀಸೆಲ್ ಗಾಡಿಗಳಲ್ಲಿ 240 ಮಿ.ಮೀ. ಆಸುಪಾಸು. ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ 280ರಿಂದ 310 ಮಿ.ಮೀ. ವ್ಯಾಸ ಒಂದೇ ಇದ್ದರೂ ನಡುವಿನ ಹಲ್ಲಿನ ಎಣಿಕೆ ಬೇರೆ ಇರಬಹುದು. ಸ್ಪೇರ್ ಅಂಗಡಿಯವರು ಹಳೇ ಪ್ಲೇಟ್ ತಂದು ತೋರಿಸಿ ಎನ್ನುವುದು ಇದಕ್ಕೇ.

ಒಂದು ಎಚ್ಚರಿಕೆ. ಹಳೇ ಕಾಲದ ಕ್ಲಚ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಪುಡಿ ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಗಂಭೀರ ಕಾಯಿಲೆ ಬರುತ್ತದೆ. ಬಿಚ್ಚಿದ ಕ್ಲಚ್ಚಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಗ್ಯಾರೇಜಿನ ಹುಡುಗರ ಆರೋಗ್ಯಕ್ಕೆ ಒಳ್ಳೆಯದು.

ಪೆಡಲ್‌ನಿಂದ ಕ್ಲಚ್‌ವರೆಗೆ: ಕೇಬಲ್, ಆಯಿಲ್

ಮಾರುತಿ 800, ಓಮ್ನಿ, ಆಲ್ಟೋದಂಥ ಗಾಡಿಗಳಲ್ಲಿ ಪೆಡಲ್ ಒತ್ತಿದರೆ ಕೇಬಲ್ ಎಳೆಯುತ್ತದೆ. ಸರಳ, ಅಗ್ಗ. ಹಳೆಯದಾದರೆ ಕೇಬಲ್ ಒಳಗೇ ತುಕ್ಕು ಹಿಡಿದು ಪೆಡಲ್ ಬಿಗಿಯಾಗುತ್ತದೆ. ಇಂಥ ಗಾಡಿಯಲ್ಲಿ ಪೆಡಲಿಗೆ ಸ್ವಲ್ಪ ಸಡಿಲು ಇರಬೇಕು. ಅದಕ್ಕೆ ಫ್ರೀ ಪ್ಲೇ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆರಡು ಸೆಂ.ಮೀ., ನಿಖರ ಅಳತೆ ಗಾಡಿಯ ಪುಸ್ತಕದಲ್ಲಿರುತ್ತದೆ. ಸಡಿಲು ಇಲ್ಲದಿದ್ದರೆ ಕಾಲು ಇಡದಿದ್ದರೂ ಅರ್ಧ ಒತ್ತಿ ಹಿಡಿದಂತಾಗಿ ಪ್ಲೇಟ್ ಜಾರುತ್ತದೆ. ಸಡಿಲು ಹೆಚ್ಚಾದರೆ ಪೂರ್ತಿ ತುಳಿದರೂ ಕ್ಲಚ್ ಬಿಡುವುದಿಲ್ಲ. ಬರೀ ಅಡ್ಜಸ್ಟ್‌ಮೆಂಟ್‌ನಿಂದ ಸರಿಹೋಗುವ ಗಾಡಿಗೆ ಹೊಸ ಪ್ಲೇಟ್ ಹಾಕಿಸಿದರೆ ಹಣ ದಂಡ.

ಇನ್ನೊಂದು ನಮೂನೆ ಹೈಡ್ರಾಲಿಕ್. ಪೆಡಲ್ ಕಡೆ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸ್ ಕಡೆ ಸ್ಲೇವ್ ಸಿಲಿಂಡರ್, ನಡುವೆ ಪೈಪಿನಲ್ಲಿ ಬ್ರೇಕ್ ಆಯಿಲ್. ಪೆಡಲ್ ಕೆಳಗೆ ಹೋಗಿ ಮೇಲೆ ಬರದಿದ್ದರೆ, ಎರಡು ಮೂರು ಸಲ ಪಂಪ್ ಮಾಡಿದಾಗ ಗೇರ್ ಬಿದ್ದರೆ, ಮೊದಲು ನೋಡಬೇಕಾದದ್ದು ಆಯಿಲ್ ಮಟ್ಟ, ಸೋರಿಕೆ, ಪೈಪಿನಲ್ಲಿ ಸೇರಿರುವ ಗಾಳಿ. ಪ್ಲೇಟ್ ಚೆನ್ನಾಗಿಯೇ ಇರಬಹುದು. ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಹಾಕಬೇಕು. ಎಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಕೆಡುತ್ತದೆ. ಕೆಲವು ಕಾರುಗಳಲ್ಲಿ ಬ್ರೇಕು, ಕ್ಲಚ್ಚು ಎರಡಕ್ಕೂ ಒಂದೇ ಡಬ್ಬಿ. ಅಲ್ಲಿ ಈ ತಪ್ಪು ಬ್ರೇಕಿಗೂ ಕುತ್ತು ತರುತ್ತದೆ.

ಮೂರನೆಯದು ಕಾನ್ಸೆಂಟ್ರಿಕ್ ಸ್ಲೇವ್ ಸಿಲಿಂಡರ್. ಇದರಲ್ಲಿ ಸಿಲಿಂಡರ್ ಮತ್ತು ರಿಲೀಸ್ ಬೇರಿಂಗ್ ಒಂದೇ ಆಗಿ ಗೇರ್ ಬಾಕ್ಸಿನ ಒಳಗೆ ಕೂತಿರುತ್ತವೆ. ಹೊರಗಿನ ಸ್ಲೇವ್ ಸಿಲಿಂಡರ್ ಕೆಟ್ಟರೆ ಸಾಮಾನ್ಯವಾಗಿ ಅದನ್ನಷ್ಟೇ ಬಿಚ್ಚಿ ಬದಲಿಸಬಹುದು. ಒಳಗಿನದು ಸೋರಿದರೆ ಗೇರ್ ಬಾಕ್ಸ್ ಇಳಿಸಲೇಬೇಕು. ಆ ಆಯಿಲ್ ಪ್ಲೇಟಿಗೆ ತಾಗಿದರೆ ಪ್ಲೇಟೂ ಹೋದಂತೆ. ಈ ನಮೂನೆಯ ಗಾಡಿಯಲ್ಲಿ ಕ್ಲಚ್ ಬದಲಿಸುವಾಗ ಸಿಲಿಂಡರನ್ನೂ ಜೊತೆಗೇ ಬದಲಿಸುವುದು ಉಳಿತಾಯವೇ ಹೊರತು ದುಂದುವೆಚ್ಚವಲ್ಲ.

ಫ್ಲೈವೀಲ್ ಯಾಕೆ ಬೇಕು?

ಹಳ್ಳಿಯ ಹಿಟ್ಟಿನ ಗಿರಣಿ, ಬಾವಿಯ ಪಂಪಿಗೆ ಇರುತ್ತಿದ್ದ ಹಳೇ ಡೀಸೆಲ್ ಎಂಜಿನ್ ನೋಡಿದವರಿಗೆ ಫ್ಲೈವೀಲ್ ಗೊತ್ತು. ಪಕ್ಕದಲ್ಲಿ ದೊಡ್ಡದೊಂದು ಕಬ್ಬಿಣದ ಚಕ್ರ, ಹ್ಯಾಂಡಲ್ ಹಾಕಿ ತಿರುಗಿಸಿದರೆ ನಿಧಾನಕ್ಕೆ ಶುರುವಾಗಿ ಆಮೇಲೆ ತನ್ನ ಭಾರದಿಂದಲೇ ಓಡುತ್ತಿತ್ತು. ಕುಂಬಾರರ ತಿಗರಿಯೂ ಇದೇ ತತ್ವದ್ದು. ಒಮ್ಮೆ ತಿರುಗಿಸಿ ಬಿಟ್ಟರೆ ಮಡಕೆ ಮುಗಿಯುವ ತನಕ ತಿರುಗುತ್ತದೆ.

ಎಂಜಿನ್ ಶಕ್ತಿ ನೀರಿನ ಹಾಗೆ ಒಂದೇ ಧಾರೆಯಲ್ಲಿ ಬರುವುದಿಲ್ಲ, ಸುತ್ತಿಗೆ ಏಟಿನ ಹಾಗೆ ಬಿಟ್ಟು ಬಿಟ್ಟು ಬರುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಏಟು. ಎರಡು ಸಿಲಿಂಡರಿನದಕ್ಕೆ ಒಂದೇ ಏಟು. 2005ರಲ್ಲಿ ಬಂದು ‘ಛೋಟಾ ಹಾಥಿ’ ಎಂದೇ ಹೆಸರಾದ ಟಾಟಾ ಏಸ್‌ನ ಮೊದಲ ಮಾದರಿಯಲ್ಲಿ ಇದ್ದದ್ದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್. ಐಡಲ್‌ನಲ್ಲಿ ಅದು ನಡುಗುವುದಕ್ಕೆ ಈ ಲೆಕ್ಕವೂ ಒಂದು ಕಾರಣ. ಏಟು ಮತ್ತು ಏಟಿನ ನಡುವೆ ಎಂಜಿನ್ ನಿಲ್ಲದಂತೆ ಓಡಿಸುವುದು ಫ್ಲೈವೀಲಿನ ಮೊದಲ ಕೆಲಸ. ಅಂಚಿನ ಹಲ್ಲಿನ ಬಳೆಯ ಮೂಲಕ ಸ್ಟಾರ್ಟರ್ ಮೋಟರಿಗೆ ಹಿಡಿತ ಕೊಡುವುದು ಎರಡನೆಯದು. ಕ್ಲಚ್ ಪ್ಲೇಟಿಗೆ ಉಜ್ಜುವ ಮುಖ ಕೊಡುವುದು ಮೂರನೆಯದು.

ಸಿಂಗಲ್ ಮಾಸ್: ಗಟ್ಟಿ ಚಕ್ರ

ಒಂದೇ ತುಂಡಿನ ಎರಕದ ಕಬ್ಬಿಣದ್ದು ಸಿಂಗಲ್ ಮಾಸ್ ಫ್ಲೈವೀಲ್. ಸಣ್ಣ ಪೆಟ್ರೋಲ್ ಕಾರು, ಟ್ರ್ಯಾಕ್ಟರ್, ಹಳೇ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಇದರೊಳಗೆ ಕೆಡುವ ಭಾಗವೇ ಇಲ್ಲ. ಮುಖ ಸವೆದರೆ, ನೀಲಿ ಕಲೆ ಬಿದ್ದರೆ, ಕೂದಲೆಳೆಯ ಸೀಳು ಕಂಡರೆ ಲೇತ್ ಮಷಿನ್‌ನಲ್ಲಿ ಫೇಸಿಂಗ್ ಹೊಡೆಸಬಹುದು. ಸೀಳು ಆಳವಾಗಿದ್ದರೆ ಮಾತ್ರ ಬದಲಿಸಬೇಕು.

ಫೇಸಿಂಗ್‌ಗೂ ಮಿತಿ ಇದೆ. ಎಷ್ಟು ತೆಗೆಯಬಹುದೆಂದು ಕಂಪನಿ ಅಳತೆ ಕೊಟ್ಟಿರುತ್ತದೆ. ಕೆಲವು ಫ್ಲೈವೀಲ್‌ಗಳಲ್ಲಿ ಪ್ಲೇಟ್ ಉಜ್ಜುವ ಮುಖ ಒಂದು ಮಟ್ಟದಲ್ಲಿ, ಪ್ರೆಷರ್ ಪ್ಲೇಟ್ ಕೂರುವ ಅಂಚು ಇನ್ನೊಂದು ಮಟ್ಟದಲ್ಲಿ ಇರುತ್ತದೆ. ಉಜ್ಜುವ ಮುಖ ಎಷ್ಟು ತೆಗೆದರೋ ಅಂಚನ್ನೂ ಅಷ್ಟೇ ತೆಗೆಯಬೇಕು. ಇಲ್ಲವಾದರೆ ಒತ್ತುವ ಬಲ ಕಡಿಮೆಯಾಗಿ ಹೊಸ ಪ್ಲೇಟೂ ಜಾರುತ್ತದೆ. ‘ಪ್ಲೇಟ್ ಡೂಪ್ಲಿಕೇಟ್ ಇತ್ತು’ ಎಂದು ಅಂಗಡಿಯವರ ಮೇಲೆ ಹೋಗುವ ಕೆಲವು ದೂರಿನ ಹಿಂದೆ ಇಂಥ ಲೇತ್ ತಪ್ಪೂ ಇರಬಹುದು.

ಡ್ಯುಯಲ್ ಮಾಸ್: ಎರಡು ಚಕ್ರ, ನಡುವೆ ಸ್ಪ್ರಿಂಗ್

ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳು ಕಡಿಮೆ ಆರ್‌ಪಿಎಂನಲ್ಲೇ ಜೋರಾಗಿ ಎಳೆಯುತ್ತವೆ. ಆ ಎಳೆತದ ಜೊತೆ ನಡುಕವೂ ಗೇರ್ ಬಾಕ್ಸಿಗೆ ಹೋಗುತ್ತದೆ. ಇಂಥ ನಡುಕವನ್ನು ತಡೆಯುವುದು ಡ್ಯುಯಲ್ ಮಾಸ್ ಫ್ಲೈವೀಲ್. ಜರ್ಮನಿಯಲ್ಲಿ 1985ರ ಸುಮಾರಿಗೆ ಕಾರುಗಳಿಗೆ ಬರಲಾರಂಭಿಸಿತು. ಇಂದು ಭಾರತದ ರಸ್ತೆಗಳಲ್ಲಿ ಓಡುವ ಬಹಳಷ್ಟು ದೊಡ್ಡ ಡೀಸೆಲ್ ಕಾರು, ಎಸ್‌ಯುವಿಗಳಲ್ಲಿದೆ.

ಇದರಲ್ಲಿ ಚಕ್ರ ಎರಡು. ಒಂದು ಎಂಜಿನ್ ಕಡೆ, ಇನ್ನೊಂದು ಕ್ಲಚ್ ಕಡೆ. ನಡುವೆ ಗ್ರೀಸಿನಲ್ಲಿ ಮುಳುಗಿದ, ಬಿಲ್ಲಿನ ಹಾಗೆ ಬಾಗಿದ ಉದ್ದನೆ ಸ್ಪ್ರಿಂಗ್‌ಗಳು. ಎಂಜಿನ್ ಏಟು ಕೊಟ್ಟಾಗ ಮೊದಲ ಚಕ್ರ ಸ್ವಲ್ಪ ಮುಂದೆ ಹೋಗಿ, ಸ್ಪ್ರಿಂಗ್ ಒತ್ತಿಕೊಂಡು, ಎರಡನೆಯದು ಮೆತ್ತಗೆ ಹಿಂಬಾಲಿಸುತ್ತದೆ. ಒಳಗೆ ಕೂತವರಿಗೆ ನಡುಕ ಗೊತ್ತಾಗುವುದಿಲ್ಲ, ಗೇರ್ ಬಾಕ್ಸಿನ ಹಲ್ಲೂ ಬಡಿದುಕೊಳ್ಳುವುದಿಲ್ಲ.

ಇದರ ತೊಂದರೆ ಎಂದರೆ ಇದು ಸವೆಯುವ ವಸ್ತು. ಸ್ಪ್ರಿಂಗ್ ಬಳಲುತ್ತದೆ, ಗ್ರೀಸ್ ಬಿಸಿಗೆ ಹೊರಬರುತ್ತದೆ, ನಡುವಿನ ಬುಷ್ ಸಡಿಲಾಗುತ್ತದೆ. ಎಂಜಿನ್ ಬಂದ್ ಮಾಡುವಾಗ ಅಥವಾ ಚಾಲೂ ಮಾಡುವಾಗ ಖಡಖಡ ಕಬ್ಬಿಣದ ಸದ್ದು, ಐಡಲ್‌ನಲ್ಲಿ ನಡುಕ, ಕ್ಲಚ್ ಬಿಡುವಾಗ ಜರ್ಕ್ ಇವು ಅದರ ಗುರುತು. ಸಾಮಾನ್ಯವಾಗಿ ಇದಕ್ಕೆ ಫೇಸಿಂಗ್ ಹೊಡೆಸುವಂತಿಲ್ಲ. ಕೆಟ್ಟರೆ ಪೂರ್ತಿ ಬದಲಿಸಬೇಕು. ಬೆಲೆ ಕ್ಲಚ್ ಸೆಟ್ಟಿಗಿಂತ ಹೆಚ್ಚಾಗುವುದೇ ರೂಢಿ.

ಹಾಗೆಂದು ಕ್ಲಚ್ ಹೋದಾಗೆಲ್ಲ ಇದನ್ನೂ ಬದಲಿಸಲೇಬೇಕು ಎಂದೇನಿಲ್ಲ. ಗೇರ್ ಬಾಕ್ಸ್ ಇಳಿದಾಗ ಕ್ಲಚ್ ಕಡೆಯ ಚಕ್ರವನ್ನು ಕೈಯಿಂದ ಎಡಕ್ಕೆ ಬಲಕ್ಕೆ ತಿರುಗಿಸಿ ಎಷ್ಟು ಸಡಿಲು ಇದೆ, ಅಂಚು ಹಿಡಿದು ಅಲುಗಿಸಿದರೆ ಎಷ್ಟು ಓಲಾಡುತ್ತದೆ ಎಂದು ಅಳೆಯುತ್ತಾರೆ. ಪ್ರತಿ ಮಾದರಿಗೂ ಕಂಪನಿ ಮಿತಿ ಕೊಟ್ಟಿರುತ್ತದೆ. ಮಿತಿಯೊಳಗೆ ಇದ್ದು, ಗ್ರೀಸ್ ಹೊರಬಂದಿಲ್ಲದಿದ್ದರೆ, ಮುಖ ಸುಟ್ಟಿಲ್ಲದಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಮಾಲೀಕರು ಆ ಹೊತ್ತಿಗೆ ಗ್ಯಾರೇಜಿನಲ್ಲಿದ್ದು ಕಣ್ಣಾರೆ ನೋಡುವುದು ಒಳ್ಳೆಯದು.

ಸಿಂಗಲ್ ಮಾಸ್‌ಗೆ ಬದಲಿಸಿದರೆ?

ಬೆಲೆ ಕೇಳಿ ಹೆದರಿದವರು “ಗಟ್ಟಿ ಫ್ಲೈವೀಲ್ ಹಾಕಿಬಿಡ್ರಿ” ಎನ್ನುವುದುಂಟು. ಕೆಲವು ಮಾದರಿಗಳಿಗೆ ಕನ್ವರ್ಶನ್ ಕಿಟ್ ಸಿಗುತ್ತದೆ. ಗಟ್ಟಿ ಫ್ಲೈವೀಲಿನ ಜೊತೆ ಸ್ಪ್ರಿಂಗ್ ಇರುವ ಪ್ಲೇಟ್ ಬರುತ್ತದೆ. ಮುಂದೆ ಬರುವ ಖರ್ಚು ಕಡಿಮೆ, ಭಾರಕ್ಕೂ ತಡೆಯುತ್ತದೆ ಎನ್ನುವುದು ಇದರ ಲಾಭ. ನಡುಕ ಮತ್ತು ಸದ್ದು ಹೆಚ್ಚಾಗುವುದು, ಮೊದಲು ಫ್ಲೈವೀಲ್ ತಿನ್ನುತ್ತಿದ್ದ ಹೊಡೆತವನ್ನು ಈಗ ಗೇರ್ ಬಾಕ್ಸ್ ಮತ್ತು ಕ್ರ್ಯಾಂಕ್ ತಿನ್ನುವುದು ನಷ್ಟ. ವಾರಂಟಿ ಇರುವ ಗಾಡಿಗೆ ಮಾಡಿಸಿದರೆ ವಾರಂಟಿ ಹೋಗಬಹುದು. ಆ ಮಾದರಿಗೆಂದೇ ತಯಾರಾದ ಕಿಟ್ ಆದರೆ ಯೋಚಿಸಬಹುದು. ಬೇರೆ ಗಾಡಿಯ ಫ್ಲೈವೀಲನ್ನು ಲೇತ್‌ನಲ್ಲಿ ಕೊರೆಸಿ ಕೂರಿಸುವ ಉಪಾಯ ಮಾತ್ರ ಬೇಡ. ತೂಕ ಸಮತೋಲ ಇಲ್ಲದ ಚಕ್ರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಒಡೆದರೆ ಒಳಗಿದ್ದವರಿಗೇ ಅಪಾಯ.

ಟ್ರ್ಯಾಕ್ಟರಿನ ಡಬಲ್ ಕ್ಲಚ್

ಟ್ರ್ಯಾಕ್ಟರ್ ಮಾಲೀಕರಿಗೆ ‘ಡಬಲ್ ಕ್ಲಚ್’ ಎಂಬ ಮಾತು ಪರಿಚಿತ. ಇದು ಡ್ಯುಯಲ್ ಮಾಸ್ ಫ್ಲೈವೀಲ್ ಅಲ್ಲ, ಬೇರೆಯೇ ಸಂಗತಿ. ಒಂದೇ ಹೌಸಿಂಗಿನಲ್ಲಿ ಎರಡು ಪ್ಲೇಟ್ ಇರುತ್ತವೆ. ಒಂದು ಗಾಲಿಗೆ, ಇನ್ನೊಂದು ಹಿಂದಿನ ಪಿಟಿಓ ಶಾಫ್ಟಿಗೆ. ಪೆಡಲ್ ಅರ್ಧ ತುಳಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ರೋಟವೇಟರ್ ತಿರುಗುತ್ತಲೇ ಇರುತ್ತದೆ. ಪೂರ್ತಿ ತುಳಿದರೆ ಎರಡೂ ನಿಲ್ಲುತ್ತವೆ. ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಪೆಡಲ್ ತುಳಿದರೆ ಪಿಟಿಓ ಕೂಡ ನಿಲ್ಲುತ್ತದೆ. ಕೆಲವು ಮಾದರಿಗಳಲ್ಲಿ ಪಿಟಿಓಗೆ ಪ್ರತ್ಯೇಕ ಲಿವರ್ ಇರುವ ಇಂಡಿಪೆಂಡೆಂಟ್ ಕ್ಲಚ್ ಬರುತ್ತದೆ.

ರೋಟವೇಟರ್, ರಾಶಿ ಮಷಿನ್ ಓಡಿಸುವವರಿಗೆ ಡಬಲ್ ಕ್ಲಚ್ ಅನುಕೂಲ. ಬರೀ ಟ್ರೇಲರ್ ಎಳೆಯುವವರಿಗೆ ಸಿಂಗಲ್ ಕ್ಲಚ್ ಸಾಕು, ರಿಪೇರಿಯೂ ಅಗ್ಗ. ಎರಡನೇ ಕೈ ಟ್ರ್ಯಾಕ್ಟರ್ ಕೊಳ್ಳುವಾಗ ಇದನ್ನು ಕೇಳಿಕೊಳ್ಳಬೇಕು. ಕಬ್ಬಿನ ಹಂಗಾಮಿನಲ್ಲಿ ಇಂಡಿ ತಾಲೂಕಿನ ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ಲೋಡ್ ಟ್ರ್ಯಾಕ್ಟರ್ ಸರದಿಯಲ್ಲಿ ನಿಂತಾಗ ಅಂಗುಲ ಅಂಗುಲ ಮುಂದೆ ಸಾಗಿಸುವುದೇ ಕ್ಲಚ್ಚಿಗೆ ದೊಡ್ಡ ಶಿಕ್ಷೆ. ಮುಂದಿನ ಗಾಡಿ ನಾಲ್ಕಾರು ಮಾರು ಹೋದ ಮೇಲೆ ಒಮ್ಮೆಲೇ ಮುಂದೆ ತೆಗೆದುಕೊಂಡರೆ ಕ್ಲಚ್ ಉಳಿಯುತ್ತದೆ.

ಪೆಡಲ್ ಇಲ್ಲದ ಕಾರಿನಲ್ಲೂ ಕ್ಲಚ್ ಇದೆ

2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ ಎಎಂಟಿ ಕಾರುಗಳು ಸಾಮಾನ್ಯವಾದವು. ಕ್ಲಚ್ ಪೆಡಲ್ ಇಲ್ಲ ಎಂದರೆ ಕ್ಲಚ್ಚೇ ಇಲ್ಲ ಎಂದು ತಿಳಿದವರಿದ್ದಾರೆ. ಒಳಗಿರುವುದು ಅದೇ ಪ್ಲೇಟ್, ಅದೇ ಪ್ರೆಷರ್ ಪ್ಲೇಟ್. ತುಳಿಯುವ ಕೆಲಸ ಮಾತ್ರ ಯಂತ್ರ ಮಾಡುತ್ತದೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲೇಟರ್‌ನಲ್ಲೇ ಕಾರು ನಿಲ್ಲಿಸಿದರೆ ಇದರ ಪ್ಲೇಟೂ ಸುಡುತ್ತದೆ.

ಲಕ್ಷಣ ನೋಡಿ ಕಾರಣ ತಿಳಿಯುವುದು

“ಗಾಡಿ ಎಳೀವಲ್ದು” ಎಂದರೆ, ಅಂದರೆ ಆಕ್ಸಿಲೇಟರ್ ಕೊಟ್ಟಾಗ ಎಂಜಿನ್ ಸದ್ದು ಏರಿ ಸ್ಪೀಡ್ ಏರದಿದ್ದರೆ, ಪ್ಲೇಟ್ ಜಾರುತ್ತಿದೆ. ಪ್ಲೇಟ್ ಸವೆದಿರಬಹುದು, ಫ್ರೀ ಪ್ಲೇ ಇಲ್ಲದಿರಬಹುದು, ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಆಯಿಲ್ ತಾಗಿರಬಹುದು.

“ಗೇರ್ ಬೀಳವಲ್ದು”, ರಿವರ್ಸ್ ಹಾಕುವಾಗ ಕರ್ರ್ ಎನ್ನುತ್ತದೆ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಮೊದಲು ಕೇಬಲ್, ಆಯಿಲ್, ಸಿಲಿಂಡರ್ ನೋಡಬೇಕು. ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸಿದ್ದ ಗಾಡಿಯಾದರೆ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿರಲೂಬಹುದು.

ಹೊರಡುವಾಗ ಗಾಡಿ ನಡುಗಿದರೆ ಪ್ಲೇಟಿಗೆ ಆಯಿಲ್, ಫ್ಲೈವೀಲ್ ಮುಖ ಏರುಪೇರು, ಅಥವಾ ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿರುವುದು ಕಾರಣ. ಮೌಂಟಿಂಗ್ ಆದರೆ ಗೇರ್ ಬಾಕ್ಸ್ ಇಳಿಸುವ ಕೆಲಸವೇ ಇಲ್ಲ.

ನ್ಯೂಟ್ರಲ್‌ನಲ್ಲಿ ಪೆಡಲ್ ತುಳಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಪೆಡಲ್ ಬಿಟ್ಟಾಗ ಬಂದು ತುಳಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಬೇರಿಂಗ್ ಅಥವಾ ಡ್ಯುಯಲ್ ಮಾಸ್ ಫ್ಲೈವೀಲ್ ಮೇಲೆ ಅನುಮಾನ.

ಪ್ಲೇಟ್ ಜಾರುತ್ತಿದೆಯೇ ಎಂದು ನೋಡಲು ಮಿಸ್ತ್ರಿಗಳು ಮಾಡುವ ಪರೀಕ್ಷೆ ಒಂದಿದೆ. ಬಯಲು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ನಿಧಾನ ಕ್ಲಚ್ ಬಿಡುವುದು. ಎಂಜಿನ್ ಗಪ್ಪನೆ ಬಂದ್ ಬಿದ್ದರೆ ಕ್ಲಚ್ ಹಿಡಿಯುತ್ತಿದೆ. ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟ್ ಸುಡುತ್ತದೆ.

ಕ್ಲಚ್ ಸುಡುವ ರೂಢಿಗಳು

ಪೆಡಲ್ ಮೇಲೆ ಕಾಲಿಟ್ಟೇ ಓಡಿಸುವುದು ಮೊದಲನೆಯದು. ಜಾತ್ರೆ, ಸಂತೆ ದಿನದ ಗದ್ದಲದಲ್ಲಿ ಹಾಫ್ ಕ್ಲಚ್ಚಿನಲ್ಲೇ ತಾಸುಗಟ್ಟಲೆ ತೆವಳುವುದು ಎರಡನೆಯದು. ಎರಡನೇ ಗೇರಿನಲ್ಲಿ ಲೋಡ್ ಗಾಡಿ ಎತ್ತುವುದು ಮೂರನೆಯದು. ಪಾಸಿಂಗ್‌ಗಿಂತ ಹೆಚ್ಚು ಮಾಲು ಹೇರುವುದು ನಾಲ್ಕನೆಯದು. ಡ್ಯುಯಲ್ ಮಾಸ್ ಇರುವ ಗಾಡಿಯನ್ನು ಟಾಪ್ ಗೇರಿನಲ್ಲಿ ತೀರಾ ನಿಧಾನ ಓಡಿಸಿ ಒಮ್ಮೆಲೇ ಆಕ್ಸಿಲೇಟರ್ ಒತ್ತುವುದು ಫ್ಲೈವೀಲಿನ ಸ್ಪ್ರಿಂಗಿಗೆ ನೇರ ಏಟು.

ಈ ಭಾಗದ ವಿಶೇಷ ಎಂದರೆ ಎರಿ ಮಣ್ಣು. ಮಳೆ ಬಿದ್ದ ಹೊಲದ ದಾರಿಯಲ್ಲಿ ಗಾಲಿ ಹೂತಾಗ ಕ್ಲಚ್ ಜಾರಿಸಿ ಜಾರಿಸಿ ಆಕ್ಸಿಲೇಟರ್ ಕೊಟ್ಟರೆ, ವರ್ಷಗಟ್ಟಲೆ ಬಾಳಬೇಕಾದ ಪ್ಲೇಟ್ ಕೆಲವೇ ನಿಮಿಷದಲ್ಲಿ ಸುಟ್ಟು ನಾರುತ್ತದೆ. ಗಾಲಿ ಮುಂದೆ ಮಣ್ಣು ಬಿಡಿಸಿ, ಕಲ್ಲು ಅಥವಾ ಗೋಣಿಚೀಲ ಹಾಕಿ, ಮಾಲು ಇಳಿಸಿ, ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ತೆಗೆಯಬೇಕು. ಎರಡು ಪ್ರಯತ್ನಕ್ಕೂ ಬಾರದಿದ್ದರೆ ಟ್ರ್ಯಾಕ್ಟರ್ ಕರೆಸುವುದೇ ಲಾಭ. ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ ಆರಲು ಬಿಡಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಗೇರ್ ಬಾಕ್ಸ್ ಇಳಿಸುವ ಮುನ್ನ: ಕೇಬಲ್, ಆಯಿಲ್, ಮೌಂಟಿಂಗ್ ನೋಡಿದ್ದಾರೆಯೇ? ಫ್ಲೈವೀಲ್ ಸಿಂಗಲ್ಲೋ ಡ್ಯುಯಲ್ಲೋ? ಇದನ್ನು ಚಾಸಿಸ್ ನಂಬರ್ ಕೊಟ್ಟು ಕಂಪನಿ ಪಾರ್ಟ್ ಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಬಹುದು. ಒಂದೇ ಹೆಸರಿನ ಕಾರಿನಲ್ಲೂ ಎಂಜಿನ್ ಮತ್ತು ವರ್ಷದ ಮೇಲೆ ಇದು ಬದಲಾಗುತ್ತದೆ.

ಇಳಿಸಿದ ಮೇಲೆ: ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ ಆಗಿ ಬದಲಿಸುವುದು ರೂಢಿ. ಬರೀ ಪ್ಲೇಟ್ ಹಾಕಿ ಹಳೇ ಬೇರಿಂಗ್ ಬಿಟ್ಟರೆ, ಆ ಬೇರಿಂಗ್ ಆರು ತಿಂಗಳಿಗೆ ಕೂಗಿದಾಗ ಮತ್ತೆ ಪೂರ್ತಿ ಮಜೂರಿ. ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯೇ, ಫೋರ್ಕ್ ಸವೆದಿದೆಯೇ, ಫ್ಲೈವೀಲ್ ಮುಖ ಹೇಗಿದೆ ಎಂದು ಅದೇ ಹೊತ್ತಿಗೆ ನೋಡಿ ತೀರ್ಮಾನಿಸಬೇಕು. ಬಿಚ್ಚಿದ ಹಳೇ ಸಾಮಾನನ್ನು ಕೇಳಿ ಪಡೆಯುವುದು ಮಾಲೀಕರ ಹಕ್ಕು.

ಸ್ಪೇರ್ ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ಬಾಕ್ಸಿನ ಮೇಲಿನ ಪಾರ್ಟ್ ನಂಬರ್ ಬಿಲ್ಲಿನಲ್ಲಿ ಬರೆದುಕೊಟ್ಟರೆ ಮುಂದೆ ವಾರಂಟಿ ತಕರಾರು ಬಂದಾಗ ಇಬ್ಬರಿಗೂ ರಕ್ಷಣೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಒಂದೇ ದರ, ಶೇ 18 ಜಿಎಸ್‌ಟಿ. ಮೊದಲು ಇವುಗಳಲ್ಲಿ ಹಲವಕ್ಕೆ ಶೇ 28 ಇತ್ತು. ಬಿಲ್ ಇಲ್ಲದೆ ಕೊಂಡರೆ ಅಗ್ಗ ಎಂದು ಕಾಣಬಹುದು, ಆದರೆ ಸಾಮಾನು ಕೆಟ್ಟರೆ ಕೇಳಲು ಆಧಾರವೇ ಇರುವುದಿಲ್ಲ.

ಬಿಲ್ ಇದ್ದೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ.

ಹಳೇ ಡೀಸೆಲ್ ಕಾರು ಕೊಳ್ಳುವವರಿಗೆ

ಸೊಲ್ಲಾಪುರ, ಪುಣೆ, ಹುಬ್ಬಳ್ಳಿ ಕಡೆಯಿಂದ ಹಳೇ ಡೀಸೆಲ್ ಕಾರು ತರುವವರು ಬಣ್ಣ, ಸೀಟು ನೋಡುವುದರ ಜೊತೆಗೆ ಮೂರು ಕೆಲಸ ಮಾಡಬೇಕು. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ಬಂದ್ ಮಾಡಿ ಕಬ್ಬಿಣದ ಸದ್ದು ಕೇಳಬೇಕು. ತುಂಬಿದ ಗಾಡಿಯಲ್ಲಿ ಏರು ಹತ್ತಿಸಿ ಎಂಜಿನ್ ಸದ್ದಿನ ಜೊತೆಗೇ ಸ್ಪೀಡ್ ಏರುತ್ತದೆಯೇ ನೋಡಬೇಕು. ಕ್ಲಚ್ ಮತ್ತು ಫ್ಲೈವೀಲ್ ಯಾವಾಗ ಬದಲಾಗಿದೆ, ಬಿಲ್ ಇದೆಯೇ ಎಂದು ಕೇಳಬೇಕು. ಡ್ಯುಯಲ್ ಮಾಸ್ ಫ್ಲೈವೀಲ್ ಇದ್ದು, ಸದ್ದು ಬರುತ್ತಿದ್ದರೆ ಅದನ್ನು ಬದಲಿಸುವ ಖರ್ಚನ್ನು ಅದೇ ಗ್ಯಾರೇಜಿನಲ್ಲಿ ಬರೆಸಿಕೊಂಡು ಮಾತಾಡಿದ ದರದಲ್ಲಿ ಕಳೆಯಬೇಕು. ಮುಂಗಡ ಕೊಟ್ಟ ಮೇಲೆ ಈ ಮಾತು ನಡೆಯುವುದಿಲ್ಲ.